ಅಡುಗೆಮನೆ ಮೇಲಿನ ತೊಲೆ

ಮನೆ ನೋಡುವುದೇ ದೀಪಶ್ರೀಯ ಕೆಲಸ. ಡಿಪ್ಲೊಮಾ ಸಿವಿಲ್ ಮುಗಿಸಿ ಚಿಕ್ಕಮಗಳೂರಿನ ಒಂದು ಸಣ್ಣ ಆಫೀಸಿಗೆ ಸೇರಿದವಳು, ಹೋಂಸ್ಟೇ ಮಾಡುವವರ ಮನೆಗೆ ಹೋಗಿ ಗೋಡೆ ತಟ್ಟಿ, ಅಟ್ಟ ಹತ್ತಿ ರಿಪೋರ್ಟ್ ಬರೆಯುತ್ತಾಳೆ. ಅವಳ ಸಹಿ ಬಿದ್ದರೆ ಮಾತ್ರ ಆನ್‌ಲೈನ್ ಬುಕಿಂಗ್ ಶುರು. "ಈ ಹುಡುಗಿಗೇನು ಗೊತ್ತು" ಅಂದವರನ್ನು ಅವಳು ಬೇಕಾದಷ್ಟು ನೋಡಿದ್ದಾಳೆ, ಬಿಡಿ.

ಕೊಟ್ಟಿಗೆಹಾರದ ಹತ್ತಿರ ಧರ್ಮೇಶ್ ಅವ್ರ ಎಸ್ಟೇಟ್ ಮನೆಗೆ ಹೋಗಬೇಕಾದ ದಿನ ಮಾತ್ರ ಅವಳಿಗೆ ಕಸಿವಿಸಿ. ಆ ಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅಡುಗೆ ಮಾಡುತ್ತಿರುವವಳು ಅವಳ ಅವ್ವ, ಭಾಗಮ್ಮ.

ಅಡುಗೆಮನೆ ಮೇಲಿನ ಅಟ್ಟದಲ್ಲಿ ಮೊದಲು ಕಾಳುಮೆಣಸಿನ ಚೀಲ ಇಡುತ್ತಿದ್ದರು. ಈಗ ಅಲ್ಲಿ ಅತಿಥಿಗಳ ರೂಮು, ಅದಕ್ಕೊಂದು ಟಬ್ ಇರುವ ಬಾತ್‌ರೂಮು. ದೀಪಶ್ರೀ ಏಣಿ ಹತ್ತಿ ಅಡುಗೆಮನೆಯ ಸೀಲಿಂಗಿನ ಹಲಗೆ ಬಿಚ್ಚಿಸಿದಳು. ಅಯ್ಯೋ ದೇವರೇ! ಅಟ್ಟ ಹೊತ್ತ ಹಲಸಿನ ತೊಲೆಯನ್ನು ಅರ್ಧಕ್ಕಿಂತ ಹೆಚ್ಚು ಕೊಯ್ದು ನಾಲ್ಕಿಂಚಿನ ಪೈಪ್ ತೂರಿಸಿದ್ದಾರೆ. ಜಾಯಿಂಟಿನಿಂದ ನೀರು ತೊಟ್ಟಿಕ್ಕಿ ಉಳಿದ ಮರವೂ ಮೆತ್ತಗಾಗಿದೆ. ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೂ ಇಳಿಯಿತು.

ಕೊಯ್ದವನು ರಾಜೇಶ, ತೋಟಕ್ಕೆ ಸ್ಪ್ರಿಂಕ್ಲರ್ ಪೈಪ್ ಎಳೆಯುವ ಆಸಾಮಿ. ತೋಟದಲ್ಲಿ ಬೇರು ಅಡ್ಡ ಬಂದರೆ ಕಡಿದು ಮುಂದೆ ಹೋಗುತ್ತಾನೆ. ಮನೆಯಲ್ಲೂ ಅದನ್ನೇ ಮಾಡಿದ, ಪುಣ್ಯಾತ್ಮ! ಕಾಫಿ ಹೂವಿಗೆ ನೀರು ಕೊಡಲು ಬಂದವನನ್ನು "ಹೆಂಗೂ ಬಂದಿದೀಯ, ಇದನ್ನೂ ಮುಗಿಸು ಮಾರಾಯ" ಅಂತ ಅಟ್ಟ ಹತ್ತಿಸಿದವರು ಧರ್ಮೇಶ್ ಅವ್ರು. ಕೊಯ್ಯುವಾಗ ಪಕ್ಕದಲ್ಲಿ ನಿಂತು ನೋಡಿದ್ದೂ ಅವರೇ.

"ತೊಲೆ ಬದಲಾಯಿಸೋವರೆಗೆ ಮೇಲಿನ ರೂಮು ಮುಚ್ಚಬೇಕು ಸರ್. ಕೆಳಗೂ ಯಾರೂ ಇರಬಾರದು," ಅಂದಳು ದೀಪಶ್ರೀ.

"ಪೈಪ್ ಹಾಕಿ ಹನ್ನೊಂದು ತಿಂಗಳಾಯ್ತು, ಏನಾಗಿದೆಯಮ್ಮ? ನಿನ್ನ ಅವ್ವ ದಿನಾ ಇದರ ಕೆಳಗೇ ನಿಂತು ಅಡುಗೆ ಮಾಡ್ತಾಳೆ. ಈ ಮನೆ ಅನ್ನ ತಿಂದು ಓದಿದವಳು ನೀನು. ಸಹಿ ಹಾಕು. ಇಲ್ಲಾಂದ್ರೆ ಭಾಗಮ್ಮನೂ ನಾಳೆಯಿಂದ ಬರೋದು ಬೇಡ."

ಒಲೆಯ ಮುಂದಿದ್ದ ಭಾಗಮ್ಮ ಸೌಟು ಕೆಳಗಿಟ್ಟಳು. "ಹಾಕಿಬಿಡೆ ಮಗಾ," ಅಂದಳು ಮೆಲ್ಲಗೆ.

ದೀಪಶ್ರೀಗೆ ಮೈಯೆಲ್ಲ ಉರಿದುಹೋಯಿತು. ಹಾಕದಿದ್ದರೆ ಅವ್ವನ ಕೆಲಸ ಹೋಗುತ್ತದೆ. ಹಾಕಿದರೆ ಆ ಕೊಳೆತ ತೊಲೆ ಅವ್ವನ ತಲೆ ಮೇಲೇ ಇರುತ್ತದೆ. ಅವಳು ಪೆನ್ನು ತೆಗೆದಳು.

"ಹಾಕ್ತೀನಿ ಸರ್. ಮೊದಲು ಮೇಲೆ ಹೋಗಿ ಟಬ್ ತುಂಬಿಸ್ತೀನಿ, ನೀರಿನ ಭಾರವೆಲ್ಲ ಈ ತೊಲೆ ಮೇಲೆ ಬೀಳಲಿ. ಅಷ್ಟು ಹೊತ್ತು ನೀವು ಅವ್ವ ನಿಂತಿರೋ ಜಾಗದಲ್ಲಿ ನಿಂತಿರಿ. ಟಬ್ ತುಂಬಿದ ಕೂಡಲೇ ಸಹಿ."

ಧರ್ಮೇಶ್ ಅವ್ರು ನಕ್ಕರು. ನಗುತ್ತಲೇ ಕತ್ತೆತ್ತಿ ನೋಡಿದರು. ಆಮೇಲೆ ಎರಡು ಹೆಜ್ಜೆ ಬಾಗಿಲ ಕಡೆ ಸರಿದರು.

ಆ ಎರಡು ಹೆಜ್ಜೆಯನ್ನು ಭಾಗಮ್ಮ ನೋಡಿಬಿಟ್ಟಳು. ಒಲೆ ಆರಿಸಿದಳು. ಅರೆಬೆಂದ ಅನ್ನದ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು, ಅವರನ್ನು ದಾಟಿಕೊಂಡು ಅಂಗಳಕ್ಕೆ ಬಂದಳು. ಇಪ್ಪತ್ತೆರಡು ವರ್ಷದಲ್ಲಿ ಅವರೆದುರು ಒಮ್ಮೆಯೂ ಎತ್ತದ ದನಿ ಎತ್ತಿದಳು.

"ನೀವು ಒಂದು ಗಳಿಗೆ ನಿಲ್ಲಲಾರದ ಜಾಗದಲ್ಲಿ ನನ್ನನ್ನ ಹನ್ನೊಂದು ತಿಂಗಳು ನಿಲ್ಲಿಸಿದ್ರಲ್ಲ, ಅಯ್ಯಾ!" ಆಮೇಲೆ ಮಗಳ ಕಡೆ ತಿರುಗಿದಳು. "ಬರಿಯೆ. ನೋಡಿದ್ದನ್ನ ಹಂಗೇ ಬರಿ."