ಚರ್ಮದೊಳಗಿನ ಹಸಿರು ಬಲೆ

ಮೊದಲು ಬಾಯಿಯಲ್ಲಿ ಹುಣ್ಣು. ಶೇಂಗಾ ಚಟ್ನಿ ಬಿಟ್ಟೆ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನುಂಗಿದೆ. ಆಮೇಲೆ ಬೆನ್ನ ಮೇಲೆ, ತೋಳಿನ ಮೇಲೆ ನೀರುಗುಳ್ಳೆಗಳೆದ್ದವು. ಒಡೆದವು. ಕುಪ್ಪಸ ಗಾಯಕ್ಕೆ ಅಂಟಿಕೊಳ್ಳುತ್ತಿತ್ತು. ಬಿಸಿನೀರು ಹಾಕಿ ಮೆಲ್ಲಗೆ ಬಿಡಿಸುವವರು ನನ್ನ ಯಜಮಾನರು. ವಾಸನೆ ಬರುತ್ತದೆಂದು ಬೆಳಗಾವಿ ಹಿಂದವಾಡಿಯ ಮನೆಯಿಂದ ಹೊರಗೆ ಕಾಲಿಡುವುದನ್ನೇ ಬಿಟ್ಟೆ.

ಆದರೂ ತಮ್ಮನ ಮಗಳ ನಾಮಕರಣಕ್ಕೆ ಖಾನಾಪುರಕ್ಕೆ ಹೋದೆ. ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದಾಗ ಕುಪ್ಪಸದ ಉದ್ದ ತೋಳು ಮೇಲೆ ಸರಿಯಿತು. ತಮ್ಮನ ಹೆಂಡತಿ ಸುಜಾತಾ ಗಾಯ ನೋಡಿದಳು.

"ಬ್ಯಾಡ್ರಿ ಅಕ್ಕಾರ. ಕೂಸಿಗೆ ಹತ್ತತೈತಿ."

ಹೆಂಗಸರೆಲ್ಲ ನನ್ನ ಕೈಯನ್ನೇ ನೋಡಿದರು.

ಸಿಟ್ಟು ಬರಲಿಲ್ಲ. ನಾಚಿಕೆಯಾಯಿತು. ಇದು ಅಂಟುರೋಗವೆಂದು ಅವಳು ಬಾಯಿಬಿಟ್ಟು ಹೇಳಿದ್ದನ್ನು ನಾನೂ ಒಳಗೊಳಗೇ ನಂಬಿದ್ದೆ. ಮನೆಯಲ್ಲಿ ನನ್ನ ಊಟದ ತಾಟನ್ನು ಬೇರೆ ಇಟ್ಟವಳು ನಾನೇ.

ಬೆಳಗಾವಿಯ ಚರ್ಮದ ಡಾಕ್ಟರು ಗುಳ್ಳೆಯ ಬಾಜುವಿನ ಚೆನ್ನಾಗಿದ್ದ ಚರ್ಮದಿಂದ ಬಯಾಪ್ಸಿಗೆಂದು ಒಂದು ಚೂರು ತೆಗೆದರು. ರಿಪೋರ್ಟ್ ಬಂದ ದಿನ ನನ್ನನ್ನೂ ಯಜಮಾನರನ್ನೂ ಲ್ಯಾಬಿನ ಕತ್ತಲೆ ಕೋಣೆಗೆ ಕರೆದರು.

"ಬರ್ರಿ, ನೀವ ನೋಡ್ರಿ."

ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಕಪ್ಪಿನ ನಡುವೆ ಹೊಳೆಯುವ ಹಸಿರು ಗೆರೆಗಳು. ಮೀನಿನ ಬಲೆಯ ಹಾಗಿದೆ ಎಂದೆ.

"ಒಂದೊಂದು ಕಣ್ಣೂ ಒಂದೊಂದು ಸೆಲ್‌ರೀ. ಸೆಲ್ಲಿಗೆ ಸೆಲ್ಲು ಹಿಡಕೊಂಡಿರೂ ಅಂಟಿನ ಮ್ಯಾಲ ರೋಗದ ಜೋಡಿ ಹೊಡದಾಡಬೇಕಾದ ನಿಮ್ಮವ ಆಂಟಿಬಾಡಿ ಬಂದು ಕುಂತು ಅದನ್ನ ಬಿಡಸಾಕತ್ತಾವ. ಅವಕ್ಕ ಹತ್ತೂವಂಥ ಫ್ಲೋರೆಸೆಂಟ್ ಡೈ ಹಾಕೀವಿ, ಅದಕ್ಕ ಹೊಳೀತಾವ. ಈ ರೋಗಕ್ಕ ಪೆಂಫಿಗಸ್ ಅಂತಾರ."

"ಮಂದಿಗೆ ಹತ್ತತೈತೇನ್ರಿ?"

"ಯಾರಿಗೂ ಹತ್ತೂದಿಲ್ಲ. ನಿಮ್ಮ ತಪ್ಪೂ ಅಲ್ಲ."

ಯಜಮಾನರು ಕಣ್ಣೊರೆಸಿಕೊಂಡರು. ನನಗೆ ಪೂರ್ತಿ ಸಮಾಧಾನವಾಗಲಿಲ್ಲ. ಹೊರಗಿನಿಂದ ಬಂದ ರೋಗವಾದರೆ ಬೈಯಬಹುದಿತ್ತು. ನನ್ನ ಮೈಯೇ ನನ್ನನ್ನು ಬಿಚ್ಚಿ ಹಾಕುತ್ತಿದೆ ಎಂದರೆ ಯಾರನ್ನು ಬೈಯಲಿ?

ಸ್ಟೀರಾಯ್ಡ್ ಮಾತ್ರೆಗಳಿಂದ ಮುಖ ಊದಿತು, ಗಾಯಗಳು ಒಣಗತೊಡಗಿದವು. ಮತ್ತೆ ಬರಬಹುದು ಎಂದಿದ್ದಾರೆ ಡಾಕ್ಟರು.

ಯಜಮಾನರು ಫೋನಿನಲ್ಲಿ ಎಲ್ಲ ಹೇಳಿದ ಮೇಲೆ ಸುಜಾತಾ ಬಸ್ಸು ಹತ್ತಿ ಬಂದಳು. ಬಾಗಿಲಲ್ಲೇ ತಲೆ ತಗ್ಗಿಸಿ ನಿಂತಳು.

"ತಪ್ಪಾತ್ರಿ ಅಕ್ಕಾರ. ಮಂದಿ ಮುಂದ ಹಂಗ ಅನಬಾರದಿತ್ತು."

"ಕೂಸಿನ ತಾಯಿ ನೀ. ಅಂಜಿದಿ."

ಯಜಮಾನರು ಮನೆಯಲ್ಲಿರಲಿಲ್ಲ, ಮುಲಾಮು ಹಚ್ಚುವ ಹೊತ್ತಾಗಿತ್ತು. ಅವರನ್ನು ಬಿಟ್ಟು ಯಾರಿಗೂ ಆ ಬೆನ್ನು ತೋರಿಸಿರಲಿಲ್ಲ. ಟ್ಯೂಬನ್ನು ಅವಳ ಮುಂದೆ ಹಿಡಿದೆ.

"ಬೆನ್ನಿಗೆ ನನ್ನ ಕೈ ನಿಲಕೂದಿಲ್ಲ. ಹಚ್ಚತೀಯೇನವಾ?"

ಅವಳ ಬೆರಳು ಮೊದಲು ಅಂಜುತ್ತ ಸೋಕಿತು. ಆಮೇಲೆ ಅಂಜಲಿಲ್ಲ. ನಾನು ಮಾತ್ರ ಇನ್ನೂ ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡೇ ಕೂತಿದ್ದೆ.