ಕುಂಚಿಗೆ ತೊಟ್ಟ ಎತ್ತು

ಮೊನ್ನೆ ಎದುರುಮನೆಯ ಕಸ್ತೂರಕ್ಕ ಬಂದು ಒಂದು ವಸ್ತು ಕೇಳಿದರು. ಏನು, ಯಾಕೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ, ಸ್ವಲ್ಪ ತಡೆದುಕೊಳ್ಳಿ. ಅದನ್ನು ಹುಡುಕಲು ಕಪಾಟಿನ ಮೇಲಿನ ಖಾನೆಗೆ ಕೈ ಹಾಕಿದೆ. ಹರಳೆಣ್ಣೆ, ಅರಿಷಿಣ, ಅಜವಾನದ ಹೊಗೆ ಮೂರೂ ಕಲೆತ ಬಾಣಂತಿ ಕೋಣೆಯ ವಾಸನೆ ಮೂಗಿಗೆ ಬಡಿಯಿತು. ಅದರ ಬೆನ್ನಿಗೇ ಹಳದಿ ಬಣ್ಣದ ಗುಂಡನೆಯದೊಂದು ಉರುಳಿ ಬಂದು ನನ್ನ ಕಾಲಿನ ಹೆಬ್ಬೆರಳ ಮೇಲೆ ಬಿತ್ತು. ನೂಲಿನ ಆಟಿಕೆ ಬಿದ್ದು ಕಾಲು ಊದಿಸಿಕೊಂಡವರು ಜಗತ್ತಿನಲ್ಲಿ ಕಡಿಮೆ. ಅವರಲ್ಲಿ ಆ ಆಟಿಕೆಯನ್ನು ತಾನೇ ಹೆಣೆದವನು ಬಹುಶಃ ನಾನೊಬ್ಬನೇ.

ಅದು ಎತ್ತು. ನೀವು ನೋಡಿದರೆ ಎತ್ತು ಎನ್ನುವುದಿಲ್ಲ, ನನಗೆ ಗೊತ್ತು. ಯಾರೂ ಅಂದಿಲ್ಲ.

ನಮ್ಮಕ್ಕನನ್ನು ಕೊಟ್ಟದ್ದು ರಾಮದುರ್ಗಕ್ಕೆ. ಕೆಲವು ವರ್ಷಗಳ ಹಿಂದೆ ಚೊಚ್ಚಲ ಹೆರಿಗೆಗೆ ಬೈಲಹೊಂಗಲದ ನಮ್ಮ ಮನೆಗೆ ಬಂದಿದ್ದಳು. ಕೂಸು ದಿನ ತುಂಬುವ ಮೊದಲೇ ಅವಸರ ಮಾಡಿತು. ಬೆಳಗಾವಿಯ ದವಾಖಾನೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿ, ನಮ್ಮನ್ನೆಲ್ಲ ಪೆಟ್ಟಿಗೆಯ ಹೊರಗೆ ನಿಲ್ಲಿಸಿ, ಕೊನೆಗೊಮ್ಮೆ ಮನೆಗೆ ಬಂತು. ಬಂದಾಗ ಹೆಣ್ಣುಕೂಸು ಎಷ್ಟು ಹಗುರವೆಂದರೆ, ಕೈಗೆ ಕೊಟ್ಟ ಮೇಲೆ ನಿಜವಾಗಿ ಕೊಟ್ಟಿದ್ದಾರೋ ಇಲ್ಲವೋ ಎಂದು ಬಗ್ಗಿ ನೋಡಿಕೊಳ್ಳಬೇಕಿತ್ತು. "ಎಲ್ಲಾ ಚಲೋ ಐತ್ರಿ, ತೂಕ ಅಷ್ಟ ಏರಬೇಕು" ಎಂದರು ಡಾಕ್ಟರು. ಅವರ ಪಾಲಿಗೆ ಅದು ಸಣ್ಣ ಮಾತು. ಅಕ್ಕನ ಎದೆಯಲ್ಲಿ ಮಾತ್ರ ಆ 'ಅಷ್ಟ' ಕಲ್ಲಿನ ಹಾಗೆ ಕುಳಿತುಬಿಟ್ಟಿತು. ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನವನ್ನು ಮುಂದೂಡುತ್ತ ಹೋದಳು. ಹೊಸ ಅಂಗಿ ತರಬೇಡಿ, ಆಟಿಕೆ ತರಬೇಡಿ, ಸ್ವಲ್ಪ ಮೈ ಹಿಡಿಯಲಿ, ಆಮೇಲೆ ನೋಡೋಣ. ಇದರ ಜತೆಗೆ ನಗುವುದನ್ನೂ ಬಿಟ್ಟಳು.

ಇದು ನನಗೆ ಸೀದಾ ಉದ್ಯೋಗ ಹೋದ ಹಾಗೆ. ನಮ್ಮ ಮನೆಯಲ್ಲಿ ನನ್ನ ಮಾತಿಗೆ ನಗುತ್ತಿದ್ದವಳು ಆಕೆಯೊಬ್ಬಳೇ. ಅಪ್ಪನದು ಕಾಳಿನ ಅಡತಿ ಅಂಗಡಿ, ನಗುವನ್ನೂ ತಕ್ಕಡಿಯಲ್ಲಿಟ್ಟು ಕೊಡುವ ಮನುಷ್ಯ. ಅವ್ವನಿಗೆ ನನ್ನನ್ನು ನೋಡಿದರೆ ನಗುವಿಗಿಂತ ಮೊದಲು ನಿಟ್ಟುಸಿರು ಬರುತ್ತದೆ. ಸಣ್ಣವರಿದ್ದಾಗ ನಾನು ಒಂದು ಮಾತು ಅಂದರೆ ಸಾಕು, ಅಕ್ಕ ಉಣ್ಣುವ ತಾಟು ಬಿಟ್ಟು ನೆಲಕ್ಕೆ ಉರುಳಿ ನಗುತ್ತಿದ್ದಳು. ಅಂಥವಳ ಎದುರು ನಾನು ಬಚ್ಚಲಲ್ಲಿ ಬೇಕೆಂದೇ ಜಾರಿಬಿದ್ದೆ. ರಾಮದುರ್ಗದ ಬೀಗರು ಚಹಾ ಕುಡಿಯುವುದನ್ನು ಸಪ್ಪಳ ಸಹಿತ ಮಾಡಿ ತೋರಿಸಿದೆ. ಆಕೆ "ಹೂಂ" ಎಂದು ಮತ್ತೆ ಕೂಸಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದಳು.

ಅಷ್ಟರಲ್ಲಿ ಬಾಣಂತನಕ್ಕೆಂದು ದೊಡವಾಡದಿಂದ ಚಿಗವ್ವ ಬಂದಳು. ಅವ್ವನ ತಂಗಿ. ಬಸ್ಸಿನಿಂದ ಇಳಿದಾಗ ಒಂದು ಕೈಯಲ್ಲಿ ಅಂಟಿನ ಉಂಡಿಯ ಡಬ್ಬಿ, ಇನ್ನೊಂದರಲ್ಲಿ ನೂಲಿನ ಚೀಲ. ಚಿಗವ್ವನ ಕ್ರೋಶಾ ಹೆಣಿಕೆ ಸುತ್ತಲಿನ ಊರುಗಳಿಗೆಲ್ಲ ಗೊತ್ತು. ಅವಳ ಮನೆಯಲ್ಲಿ ಟಿವಿಗೆ ಕವರು, ಮಿಕ್ಸರಿಗೆ ಕವರು, ನೀರಿನ ಕೊಡದ ಬಾಯಿಗೆ ಜಾಲರಿ, ಫ್ರಿಜ್ಜಿನ ಹಿಡಿಕೆಗೆ ಅಂಗಿ, ರಿಮೋಟಿಗೆ ಟೊಪ್ಪಿಗೆ. ಒಮ್ಮೆ ನಾನು ಅಲ್ಲಿ ಹೆಚ್ಚು ಹೊತ್ತು ಅಲ್ಲಾಡದೆ ಕುಳಿತಿದ್ದೆ. ಚಿಗವ್ವ ಟೇಪು ಹಿಡಿದುಕೊಂಡು ಬಂದಳು, ನಾನು ಎದ್ದು ಓಡಿದೆ.

ಅವಳು ಬಾಣಂತಿ ಕೋಣೆಯ ಬಾಗಿಲಲ್ಲಿ ಕುಳಿತು ಹೆಣೆಯುವುದನ್ನು ನೋಡುತ್ತ ನನಗೆ ಬುದ್ಧಿ ಕೆಟ್ಟಿತು. "ನನಗೂ ಕಲಿಸು ಚಿಗವ್ವಾ. ಕೂಸಿಗೆ ಒಂದು ಗೊಂಬಿ ಮಾಡತೇನಿ" ಎಂದೆ.

ಫೋನಿನಲ್ಲಿ ಹುಡುಕಿದರೆ ಮೊಲ, ಪಾಂಡಾ, ಆಕ್ಟೋಪಸ್ಸು. ಬೈಲಹೊಂಗಲದ ಕೂಸು ಆಕ್ಟೋಪಸ್ಸಿನ ಜತೆ ಏನು ಮಾತಾಡೀತು? ಎತ್ತು ಮಾಡುವುದೆಂದು ಘೋಷಿಸಿದೆ.

ಒಳಗಿನಿಂದ ಅಕ್ಕನ ದನಿ ಬಂತು. "ಸಾಲ್ಯಾಗ ಮಣ್ಣೆತ್ತ ಮಾಡಂದ್ರ ಇವ ಮಾಡಿದ್ದು ನೋಡಿ ಮಾಸ್ತರು, ಉಂಡಿ ಭಾಳ ಚಲೋ ಆಗ್ಯಾವ ಅಂದಿದ್ರು."

ಅನೇಕ ದಿನಗಳ ಮೇಲೆ ಆಕೆ ಆಡಿದ ಮೊದಲ ಚೇಷ್ಟೆಯ ಮಾತು. ನಾನು ಬಿಟ್ಟೇನೆಯೆ? "ಪಂದ್ಯ ಕಟ್ಟು" ಎಂದೆ.

"ಆತು. ನೀ ಬಾಯಿ ಬಿಡದಂಗ, ಯಾರರ ಒಬ್ಬರು ಅದನ್ನ ನೋಡಿ ಎತ್ತು ಅಂದ್ರ, ನನ್ನ ಮಗಳ ತೊಟ್ಟಲದಾಗ ಮದಲು ಅದನ್ನ ಇಡತೇನಿ. ಅನ್ನಲಿಲ್ಲಂದ್ರ ನೀ ಆಕಿ ಲಂಗೋಟಿ ಒಗೀಬೇಕು."

ತೊಟ್ಟಿಲಿನ ಮಾತನ್ನು ಆಕೆಯೇ ತೆಗೆದಳು! ನಾನು ಒಳಗೊಳಗೇ ಕುಣಿದೆ. ಎತ್ತು ಬೇಕೇ ಬೇಕು. ಎತ್ತಾದರೆ ತೊಟ್ಟಿಲು, ತೊಟ್ಟಿಲಾದರೆ ಹೆಸರು, ಹೆಸರಾದರೆ ಅಕ್ಕನ ಮುಖ ಸಡಿಲಾದೀತು ಎಂದು ನನ್ನ ಲೆಕ್ಕ.

ಈಗ ನನ್ನ ಕೈಯ ವಿಷಯ ಹೇಳಬೇಕು. ಈ ಕೈ ಬೆಳೆದದ್ದು ಅಪ್ಪನ ಅಂಗಡಿಯಲ್ಲಿ, ದಬ್ಬಣ ಹಿಡಿದು ಚೀಲದ ಬಾಯಿ ಹೊಲಿಯುತ್ತ. ಅಲ್ಲಿ ಒಂದೇ ಶಾಸ್ತ್ರ: ಸುತಳಿ ಹಾಕು, ಹಲ್ಲು ಕಚ್ಚಿ ಜಗ್ಗು, ಸವದತ್ತಿಗೆ ಮುಟ್ಟುವವರೆಗೆ ಒಂದು ಕಾಳೂ ಸೋರಬಾರದು. ಕ್ರೋಶಾದ ಶಾಸ್ತ್ರ ಪೂರ್ತಿ ಉಲ್ಟಾ. ಅಲ್ಲಿ ಕುಣಿಕೆ ಸಡಿಲಿರಬೇಕು, ಮುಂದಿನ ಸುತ್ತಿನಲ್ಲಿ ಕೊಕ್ಕೆ ಅದರೊಳಗೇ ಹೋಗಬೇಕಲ್ಲ. ನಾನು ಪ್ರತಿ ಕುಣಿಕೆಯನ್ನೂ ಕ್ವಿಂಟಲ್ ಚೀಲದ ಹಾಗೆ ಜಗ್ಗಿ ಬಿಗಿದೆ. ಎರಡನೆಯ ಸುತ್ತಿಗೆ ಕೊಕ್ಕೆ ಒಳಗೆ ಹೋಗಲೊಲ್ಲದು. ಕುಟ್ಟಿದೆ. ಮೊಣಕಾಲ ಸಂದಿಯಲ್ಲಿ ಅವುಚಿಕೊಂಡು ತಿವಿದೆ. ಕೊಕ್ಕೆ ಬಾಗಿತು, ಕುಣಿಕೆ ಬಾಗಲಿಲ್ಲ.

ಚಿಗವ್ವ ತನ್ನ ಹೆಣಿಕೆ ಕೆಳಗಿಟ್ಟು ನೋಡಿದಳು. "ಯಪ್ಪಾ, ಕೂಸಿಗೆ ಗೊಂಬಿ ಹೆಣಿಯಾಕತ್ತಿಯೋ, ಕಳ್ಳರ ಕೈ ಕಟ್ಟಾಕತ್ತಿಯೋ?"

"ಗಟ್ಟಿ ಬರಲಿ ಅಂತ ಚಿಗವ್ವಾ."

"ಇಷ್ಟ ಗಟ್ಟಿ ಆದ್ರ ಇದರಾಗ ನೀರ ತುಂಬಬಹುದು. ಕೈ ಸಡ್ಲ ಬಿಡೋ, ನೂಲೇನ ಓಡಿ ಹೋಗತೈತೇನ?"

ಬಿಟ್ಟೆ. ಬಿಟ್ಟ ಕೂಡಲೇ ಅದು ಓಡಿಯೇ ಹೋಯಿತು. ಹೆಣೆದದ್ದೆಲ್ಲ ಬಿಚ್ಚಿಕೊಂಡು ಉಂಡೆ ಬಚ್ಚಲತನಕ ಉರುಳಿತು. ಮತ್ತೆ ಬಿಗಿದೆ. ಅಂತೂ ದೇಹವೆಂಬುದು ಒಂದಾಯಿತು. ಕಾಲು ನಾಲ್ಕೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಮನಃಸ್ಥಿತಿಯಲ್ಲಿ ಹುಟ್ಟಿದವು. ಒಂದು ಎಂ.ಕೆ. ಹುಬ್ಬಳ್ಳಿ ದಾರಿಯಲ್ಲಿ ಟ್ರ್ಯಾಕ್ಟರಿನಿಂದ ಬಿದ್ದ ಕಬ್ಬಿನ ತುಂಡಿನಂತೆ, ಇನ್ನೊಂದು ಹುಣಸೆ ಬೀಜದಂತೆ. ನಿಲ್ಲಿಸಿದರೆ ಎತ್ತು ನಮಸ್ಕಾರ ಮಾಡಿ ಮುಗ್ಗರಿಸುತ್ತಿತ್ತು. ಕಾಲುಗಳನ್ನು ಹೊಟ್ಟೆಗೆ ಮಡಚಿ ಹೊಲಿದುಬಿಟ್ಟೆ. ಮಲಗಿದ ಎತ್ತು ಎಂದುಕೊಳ್ಳಿ. ಕೋಡು ಎರಡೂ ಹೇಗೋ ಬಂದವು, ಆದರೆ ಪರಸ್ಪರ ಮಾತು ಬಿಟ್ಟವರಂತೆ ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ.

ಒಳಗೆ ಹತ್ತಿ ತುಂಬು ಎಂದಳು ಚಿಗವ್ವ. ಅವಳು ಹೇಳಿದ್ದು ಹಿಂಜಿದ ಅರಳೆ. ನಮ್ಮ ಹಿತ್ತಲ ಕೋಣೆಯಲ್ಲಿ ಹೊಲದಿಂದ ಬಿಡಿಸಿ ತಂದ ಹತ್ತಿ ಅಟ್ಟಕ್ಕೆ ಮುಟ್ಟುವಷ್ಟು ಬಿದ್ದಿತ್ತು. ಮನೆಯಲ್ಲೇ ಇಷ್ಟಿರುವಾಗ ಹಿಂಜಿದ್ದೇ ಏಕೆ ಬೇಕು? ಕಾಳು ಸಮೇತ ತುಂಬಿದೆ. ತುಂಬಿ, ಚೀಲಕ್ಕೆ ಜಡಿಯುವ ಹಾಗೆ ಲಟ್ಟಣಿಗೆಯಿಂದ ಜಡಿದು, ಇನ್ನಷ್ಟು ತುಂಬಿದೆ. ಕೊನೆಯ ಗಂಟು ಹಾಕಿ ನೆಲಕ್ಕಿಟ್ಟರೆ 'ಟಕ್' ಎಂದಿತು. ಗೊಂಬೆಗಳು ಟಕ್ ಎನ್ನಬಾರದೆಂದು ಆಗ ನನಗೆ ಹೊಳೆಯಲಿಲ್ಲ.

ಮರುದಿನದಿಂದ ಎತ್ತಿನ ಮೆರವಣಿಗೆ. ಬಾಯಿ ಬಿಡುವ ಹಾಗಿಲ್ಲ, ಬರಿದೆ ಎದುರಿಗೆ ಹಿಡಿದು ನಿಲ್ಲಬೇಕು. ಹಾಲು ಹಾಕುವವಳು ನೋಡಿ "ಬಟಾಟಿ ಭಾಳ ದೊಡ್ಡದೈತಿ, ಎಲ್ಲಿ ಸಿಕ್ತು?" ಎಂದಳು. ಕಸ್ತೂರಕ್ಕ ಅದನ್ನು ತಿರುಗಿಸಿ ಮುರುಗಿಸಿ, ಹೊರಗೆ ಬಂದ ಕೋಡು ಮುಟ್ಟಿ, "ಸುವರ್ಣಗಡ್ಡಿ. ಮೊಳಕಿ ಒಡದೈತಿ ನೋಡು, ಹುಗದಬಿಡು" ಎಂದರು. ಅಪ್ಪನ ಮುಂದೆ ಹಿಡಿದೆ. ಅವರು ಕೈಯಲ್ಲಿ ತೂಗಿ ನೋಡಿ, ಗಂಭೀರವಾಗಿ, "ಅಂಗಡ್ಯಾಗಿನ ತೂಕದ ಕಲ್ಲಿಗೆ ಯಾವನೋ ಬಟ್ಟಿ ಸುತ್ಯಾನ? ಯಾರ ಕಿತಾಪತಿ ಇದು?" ಎಂದರು. ನಾನು ಬಾಯಿ ಮುಚ್ಚಿಕೊಂಡೇ ಇದ್ದೆ, ಪಂದ್ಯದ ನಿಯಮ. ಹಿತ್ತಲಿನ ಎಮ್ಮೆ ಮಾತ್ರ ಹತ್ತಿಕಾಳಿನ ವಾಸನೆ ಹಿಡಿದು, ಭಾರೀ ಪ್ರೀತಿಯಿಂದ ಅದರ ಹಿಂಭಾಗ ನೆಕ್ಕಿತು. ಅದನ್ನು ಗುರುತು ಹಿಡಿದದ್ದೆಂದು ಎಣಿಸು ಎಂದು ಅಕ್ಕನ ಹತ್ತಿರ ವಾದಿಸಿದೆ. "ಎಮ್ಮಿ ಎತ್ತು ಅಂತೇನ?" ಎಂದು ಕೇಳಿದಳು. ನಗಲಿಲ್ಲ.

ಪಂದ್ಯ ಸೋತೆ. ಲಂಗೋಟಿ ಒಗೆದೆ. ಎತ್ತನ್ನು ಪಡಸಾಲೆಯ ಗೂಡಿನಲ್ಲಿ, ದೀಪದ ಬತ್ತಿಗಳ ಹಿಂದೆ ತಳ್ಳಿ ಬಚ್ಚಿಟ್ಟೆ.

ರಾಮದುರ್ಗದವರೇ ಕೊನೆಗೆ ಒತ್ತಾಯ ಮಾಡಿ ದಿನ ಗೊತ್ತುಮಾಡಿದರು. ಅಕ್ಕ ಬೇಡ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಆ ದಿನ ಮನೆ ತುಂಬ ಹೆಂಗಸರು. ನಮ್ಮ ಕಡೆ ಕೂಸನ್ನು ಬರಿದೇ ತೊಟ್ಟಿಲಿಗೆ ಹಾಕುವುದಿಲ್ಲ. ಮೊದಲು ರುಬ್ಬುವ ಕಲ್ಲಿನ ಗುಂಡಿಗೆ ಎಣ್ಣೆ ಅರಿಷಿಣ ಹಚ್ಚಿ, ಕೂಸಿನ ಹಾಗೇ ತಲೆ ಮುಚ್ಚುವ ಕುಂಚಿಗೆ ತೊಡಿಸಿ, ಗುಂಡಪ್ಪ ಎಂದು ಕರೆದು, ತೊಟ್ಟಿಲ ಕೆಳಗಿನಿಂದ ಮೇಲಿನಿಂದ ಕೈಯಿಂದ ಕೈಗೆ ದಾಟಿಸಿ ಮಲಗಿಸುತ್ತಾರೆ. ಅವನು ಮಲಗೆದ್ದ ಮೇಲೆ ಕೂಸಿನ ಸರದಿ.

"ಗುಂಡಪ್ಪ ಎಲ್ಲಿ?" ಎಂದು ಯಾರೋ ಕೂಗಿದರು. ಗುಂಡು ಮನೆಯಲ್ಲಿರಲಿಲ್ಲ. ಮಿಕ್ಸರು ಬಂದ ಮೇಲೆ ಅದಕ್ಕೆ ಕೆಲಸ ತಪ್ಪಿ, ಅಂಗಡಿಯಲ್ಲಿ ಟಾರ್ಪಾಲು ಹಾರದಂತೆ ಹೇರುವ ನೌಕರಿ ಸಿಕ್ಕಿತ್ತು. ಅಪ್ಪ ತರಲು ಓಡಿದರು.

"ಹೊತ್ತು ಮೀರತೈತಿ" ಎಂದು ಗೊಣಗುತ್ತ ಎದ್ದವಳು ಗಂಗತ್ತಿ, ಭಾವನ ಸೋದರತ್ತೆ, ರಾಮದುರ್ಗದವಳು. ಸೋಡಾ ಬಾಟಲಿಯ ತಳದಂಥ ಚಷ್ಮಾ. ಬತ್ತಿ ಹುಡುಕುತ್ತ ಗೂಡಿಗೆ ಕೈ ಹಾಕಿದವಳ ಕೈಗೆ ಗುಂಡನೆಯದು, ಗಟ್ಟಿಯದು, ಭಾರದ್ದು, ಅರಿಷಿಣ ಬಣ್ಣದ್ದು ಸಿಕ್ಕಿತು.

"ಇಲ್ಲೇ ಐತಲ್ಲ! ಕಣ್ಣಾಗ ಏನ ಇಟ್ಕೊಂಡೀರೆ?" ಎಂದು ಸವರಿ ನೋಡಿದಳು. "ಅಯ್ಯ ಶಿವನ! ಬೈಲಹೊಂಗಲದಾಗ ಗುಂಡಪ್ಪಗೂ ಸ್ವೆಟರ್ ಹಾಕತಾರನ!"

ಚಿಗವ್ವ ನನ್ನನ್ನು ನೋಡಿದಳು, ನಾನು ಚಿಗವ್ವನನ್ನು ನೋಡಿದೆ. ಅವಳು ಕಣ್ಣಲ್ಲೇ ಸುಮ್ಮನಿರು ಎಂದಳು. ಗಂಗತ್ತಿ ಆಗಲೇ ಎಣ್ಣೆ ಹಚ್ಚಿ, ಅರಿಷಿಣ ಬಳಿದು, ಕುಂಚಿಗೆ ತೊಡಿಸಿ ಗಂಟು ಹಾಕಿದ್ದಳು. ಎತ್ತು ತೊಟ್ಟಿಲ ಕೆಳಗೆ ಹೊರಟಿತು.

ಹಿಡಿದವರ ಕೈಯೆಲ್ಲ ಸರಕ್ಕನೆ ಕೆಳಗೆ ಜಗ್ಗುತ್ತಿತ್ತು. "ಯವ್ವಾ, ಏನ ಭಾರ ಅದಾನ ಇವ!" ಎಂದರು ಕಸ್ತೂರಕ್ಕ.

"ಭಾರ ಇರಬೇಕವಾ" ಎಂದಳು ಗಂಗತ್ತಿ. "ಕೂಸೂ ಹಿಂಗ ಗಟ್ಟಿ ಆಗಲಿ. ಎತ್ತಿಕೊಂಡವರ ಕೈ ಹಿಂಗ ಜಗ್ಗಲಿ."

ಆ ಮಾತಿಗೂ ಎತ್ತು ಅಕ್ಕನ ಕೈಗೆ ಬರುವುದಕ್ಕೂ ಸರಿಹೋಯಿತು. ಇಷ್ಟು ದಿನ ಹೂವು ಹಿಡಿದ ಹಾಗೆ ಹಿಡಿದು ಹಿಡಿದು ಹೆದರಿದ ಕೈಗಳು ಅವು. ಭಾರಕ್ಕೆ ತೊಡೆಯ ತನಕ ಇಳಿದವು. ಆಕೆ ಬಗ್ಗಿ ನೋಡಿದಳು. ಗುರುತು ಹಿಡಿದಳು. ತುಟಿ ಕಚ್ಚಿಕೊಂಡಳು.

"ಕುಂಚಿಗಿ ಯಾಕೋ ಸರಿ ಕುಂದ್ರವಲ್ದು" ಎಂದು ಗಂಗತ್ತಿ ಕೈ ಚಾಚಿ ತಡಕಿದಳು. "ಎಲಾ ಇವನ, ಗುಂಡಪ್ಪಗ ಕಿವಿ ಅದಾವಲ್ಲೇ!"

ತಡೆಯಲಾಗಲಿಲ್ಲ. "ಕಿವಿ ಅಲ್ಲರೀ ಅತ್ತಿ, ಕೋಡು" ಎಂದುಬಿಟ್ಟೆ.

ಅಕ್ಕ ನಕ್ಕಳು. ಮೊದಲು ಮೂಗಿನಲ್ಲಿ ಬಂತು, ಆಮೇಲೆ ಹೊಟ್ಟೆಯಿಂದ. ಎತ್ತನ್ನು ಎದೆಗವುಚಿಕೊಂಡು, ತೊಟ್ಟಿಲ ಹಗ್ಗ ಹಿಡಿದು, ತೊಟ್ಟಿಲೂ ತಾನೂ ಒಟ್ಟಿಗೆ ಅಲ್ಲಾಡುವಂತೆ ನಕ್ಕಳು. ನಗುತ್ತ ನಗುತ್ತ ಯಾವಾಗ ಅಳು ಬಂತೋ ಆಕೆಗೂ ಗೊತ್ತಾಗಲಿಲ್ಲ. ಚಿಗವ್ವ ತಲೆ ಸವರಿದಳು. ಆಮೇಲೆ ಆಕೆಯೇ ಸೆರಗಿನಿಂದ ಮುಖ ಒರೆಸಿಕೊಂಡು, ಎತ್ತನ್ನು ತೊಟ್ಟಿಲಲ್ಲಿ ಮಲಗಿಸಿ, ಎತ್ತಿ, "ಕೊಡ್ರಿ ನನ್ನ ಮಗಳನ್ನ" ಎಂದಳು. ಅಷ್ಟರಲ್ಲಿ ಅಪ್ಪ ನಿಜವಾದ ಗುಂಡನ್ನು ಹೆಗಲ ಮೇಲೆ ಹೊತ್ತು ಬೆವರುತ್ತ ಬಾಗಿಲಲ್ಲಿ ನಿಂತಿದ್ದರು. ಅದನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ.

ಈಗ ಕಸ್ತೂರಕ್ಕ ಕೇಳಿದ್ದೇನೆಂದು ನಿಮಗೆ ಹೊಳೆದಿರಬೇಕು. ಅವರ ಮಗಳದೂ ಅವಸರದ ಕೂಸು. "ನಿಮ್ಮನಿ ಸ್ವೆಟರ್ ಗುಂಡಪ್ಪನ್ನ ಒಂದಿನ ಕೊಡೋ ತಮ್ಮಾ" ಎಂದು ಬಾಗಿಲಲ್ಲಿ ನಿಂತಿದ್ದರು. ಯಾವಾಗಲೂ ಜೋರು ಮಾತಾಡುವವರು ಅವತ್ತು ಮೆಲ್ಲಗೆ ಕೇಳಿದರು.

ಕೊಡುತ್ತಿದ್ದೆ. ಆದರೆ ಸಾಲಿ ಸೂಟಿಗೆ ರಾಮದುರ್ಗದಿಂದ ಬಂದಿದ್ದ ಅಕ್ಕನ ಮಗಳು, ಅಂದಿನ ಅದೇ ಹಗುರ ಕೂಸು, ಓಡಿಬಂದು ಅದನ್ನು ಕಸಿದು ಹೊಟ್ಟೆಗೆ ಅವುಚಿಕೊಂಡಳು. "ನನ್ನ ಎಮ್ಮಿ! ಯಾರಿಗೂ ಕೊಡಂಗಿಲ್ಲ!"

ಎಮ್ಮೆ. ಪರವಾಗಿಲ್ಲ, ಬಟಾಟಿಯಿಂದ ಹೊರಟು ದನದ ಕೊಟ್ಟಿಗೆಯ ತನಕ ಬಂದಿದ್ದೇವೆ. ಸಮಾಧಾನ ಮಾಡಲು ಅವಳನ್ನು ಎತ್ತಿಕೊಳ್ಳಹೋದೆ. ಸೊಂಟ ಚಳಕ್ ಎಂದಿತು. ಗಂಗತ್ತಿಯ ಹರಕೆ ಸ್ವಲ್ಪ ಜಾಸ್ತಿಯೇ ಫಲಿಸಿದೆ.

"ನಿಮಗ ಬ್ಯಾರೆ ಮಾಡಿಕೊಡತೇನ್ರಿ ಅಕ್ಕಾರ" ಎಂದೆ.

"ಮೆತ್ತಗ ಮಾಡಬ್ಯಾಡ ಮತ್ತ" ಎಂದರು ಅವರು.

ಇಷ್ಟು ವರ್ಷಗಳಲ್ಲಿ ನನ್ನ ಕೈ ಸಡಿಲಾಗಿದೆ. ಈಗ ನಾನು ಹೆಣೆದ ಮೊಲ ನೋಡಿದರೆ ಮೊಲ ಎನ್ನುತ್ತಾರೆ, ಒಳಗೆ ಹಿಂಜಿದ ಅರಳೆಯೇ ಇರುತ್ತದೆ. ಚಿಗವ್ವನೂ ಈಗ ಬೈಯುವುದಿಲ್ಲ. ಆದರೆ ಇದನ್ನು ಬರೆಯುವಾಗ ಮಗ್ಗುಲಲ್ಲಿ ಹಳದಿ ನೂಲಿದೆ, ಹಿತ್ತಲ ಕೋಣೆಯಿಂದ ಕಾಳು ಸಮೇತ ತಂದ ಹತ್ತಿಯಿದೆ. ಊದಿದ ಹೆಬ್ಬೆರಳನ್ನು ಮಣೆಯ ಮೇಲೆ ಚಾಚಿ ಕುಳಿತಿದ್ದೇನೆ. ಮೊದಲ ಕುಣಿಕೆ ಹಾಕಿದೆ. ಎದುರುಮನೆಯಿಂದ ಆ ಸಣ್ಣ ಕೂಸಿನ ಸಣ್ಣ ಅಳು ಕೇಳಿಸಿತು. ಹಲ್ಲು ಕಚ್ಚಿ ಜಗ್ಗಿದೆ, ಒಂದು ಕಾಳೂ ಸೋರದ ಹಾಗೆ.