ಗೋಡೆಯ ಮೇಲೆ ಗುಂಡಿಯಕ್ಕ

ಆಕೆಗೆ ಗುಂಡಿಯಕ್ಕ ಎಂಬ ಹೆಸರು ಬಿದ್ದು ಹತ್ತೊಂಬತ್ತು ವರ್ಷವಾಯಿತು. ಗುಂಡಿ ಎಂದರೆ ಅಂಗಿಯದ್ದು, ರಸ್ತೆಯದ್ದಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ಆಕೆಯ ಹೊಲಿಗೆ ಅಂಗಡಿ. ಇಬ್ಬರು ಒಳಗೆ ನಿಂತರೆ ಮೂರನೆಯವರು ಹೊಸ್ತಿಲಲ್ಲೇ ನಿಲ್ಲಬೇಕು, ಅಷ್ಟು ಜಾಗ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಸೊಂಟ ಬಿಡಿಸುವುದು, ಜಿಪ್ ಬದಲಾಯಿಸುವುದು ಆಕೆಯ ಕಸುಬು. ಊರಿನಲ್ಲಿ ಯಾರು ದಪ್ಪಗಾದರು, ಯಾರು ಸೊರಗಿದರು ಎಂಬುದು ಅವರವರ ಮನೆಯವರಿಗಿಂತ ಮೊದಲು ಆಕೆಗೆ ಗೊತ್ತಾಗುತ್ತಿತ್ತು. ಗೊತ್ತಾದದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುವ ಗುಣವೂ ಇದ್ದುದರಿಂದ ಅಂಗಡಿ ಚೆನ್ನಾಗಿಯೇ ನಡೆಯುತ್ತಿತ್ತು.

ವಾರಕ್ಕೆ ಆರು ದಿನ ಅಂಗಡಿ, ಭಾನುವಾರ ಕ್ಲಬ್ಬು. ಕ್ಲಬ್ಬು ಎಂದೊಡನೆ ಇಸ್ಪೀಟು, ಸಿಗರೇಟು ಎಂದುಕೊಳ್ಳಬೇಡಿ. ಇದು ಸೇವಾ ಕ್ಲಬ್ಬು. ಕಣ್ಣಿನ ಶಿಬಿರ, ರಕ್ತದಾನ, ನಡೆಯಲಾಗದವರಿಗೆ ಗಾಲಿಕುರ್ಚಿ, ವರ್ಷಕ್ಕೆರಡು ಸಲ ಹಳೆಯ ಬಟ್ಟೆ ಹಂಚಿಕೆ. ಇದಕ್ಕೆಲ್ಲ ದುಡ್ಡು ಬೇಕಲ್ಲ, ಅದಕ್ಕೆ ಹಳೆ ಪುಸ್ತಕದ ಮಾರಾಟ, ಟೋಪಿ ಹಾಕಿಕೊಂಡು ಊರು ಸುತ್ತುವ ನಡಿಗೆ, ಕೊನೆಗೆ ದಾನಿಗಳ ವಾರ್ಷಿಕ ಸಭೆ. ಟೋಪಿ ಹಾಕಿಕೊಂಡು ಎಂದೆ, ಹಾಕಿ ಎನ್ನಲಿಲ್ಲ. ಆ ಮಾತಿಗೆ ಇನ್ನೂ ಹೊತ್ತಿದೆ.

ಗುಂಡಿಯಕ್ಕನನ್ನು ಅಲ್ಲಿಗೆ ಕರೆದುಕೊಂಡು ಹೋದವರು ಟೀಚರ್. ಲೆಕ್ಕ ಕಲಿಸಿ ನಿವೃತ್ತರಾದವರು, ಈಗ ಕ್ಲಬ್ಬಿನ ಕಾರ್ಯದರ್ಶಿ. ರವಿಕೆಯ ತೋಳು ಬಿಗಿಯಾಯಿತೆಂದು ಅಂಗಡಿಗೆ ಬಂದವರು ಒಂದು ಗಂಟೆ ಹರಟಿದರು, ಮರುದಿನ ತೋಳಿಗೇನೂ ಆಗದಿದ್ದರೂ ಮತ್ತೆ ಬಂದರು. ಸ್ನೇಹ ಹಾಗೆ ಕುದುರಿತು. ಗುಂಡಿಯಕ್ಕನಿಗೆ ಅಕ್ಕ ಇರಲಿಲ್ಲ. ಊರಿಗೆಲ್ಲ ತಾನೇ ಅಕ್ಕನಾಗಿದ್ದವಳಿಗೆ ಟೀಚರ್ ಅಕ್ಕನಾದರು.

ಮೊದಲ ಭಾನುವಾರ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ಬಟ್ಟೆಯ ಗಂಟು ಬಿಚ್ಚಿ ನೋಡಿದ ಗುಂಡಿಯಕ್ಕ ದಂಗಾದಳು. ಜಿಪ್ಪಿಲ್ಲದ ಪ್ಯಾಂಟು, ಕಂಕುಳು ಹರಿದ ಅಂಗಿ, ಒಂದೇ ಒಂದು ಗುಂಡಿ ಉಳಿದ ಸ್ವೆಟರು. ಮನೆ ಖಾಲಿ ಮಾಡಲು ದಾನವೆಂಬ ಹೆಸರು! ಅವತ್ತೇ ಸೂಜಿ ಹಿಡಿದವಳು ಮತ್ತೆ ಕೆಳಗಿಡಲಿಲ್ಲ. ಗುಂಡಿ ಇಲ್ಲದ ಒಂದು ಬಟ್ಟೆಯೂ ಆ ಕೋಣೆಯಿಂದ ಆಚೆ ಹೋಗಕೂಡದು ಎಂಬುದು ಆಕೆಯ ಮೊದಲ ಕಟ್ಟಳೆ. ಗುಂಡಿಯಕ್ಕ ಎಂಬ ಹೆಸರು ಬಿದ್ದದ್ದೂ ಆಗಲೇ.

"ಊರವರ ಅಂಗಿಗೆಲ್ಲ ಗುಂಡಿ ಹಾಕ್ತೀಯ, ನಿನ್ನ ಗಂಡ ಪಿನ್ನು ಚುಚ್ಕೊಂಡು ಬೇಕರಿಗೆ ಹೋಗ್ತಾನೆ," ಎಂದು ಅತ್ತೆ ಗೊಣಗುತ್ತಿದ್ದರು. ಬೇಕರಿಯ ಒಲೆ ನೋಡಿಕೊಳ್ಳುವ ಗಂಡ, "ಒಲೆ ಮುಂದೆ ಗುಂಡಿ ತೆಗೆದೇ ನಿಲ್ಲಬೇಕು, ಬಿಡಮ್ಮ," ಎಂದು ನಗುತ್ತಿದ್ದ.

ಎರಡನೆಯ ಕಟ್ಟಳೆ ನಾಲ್ಕು ವರ್ಷ ಕಳೆದ ಮೇಲೆ ಬಂತು. ಹಂಚಿಕೆಯ ದಿನ ಒಬ್ಬ ಗಾರೆ ಕೆಲಸದವನು ಅಂಗಿ ತೆಗೆದುಕೊಳ್ಳುವಾಗ ಯಾರೋ ಫೋಟೋ ಹೊಡೆದರು. ಆತ ಅದೇ ಅಂಗಿಯಿಂದ ಮುಖ ಮುಚ್ಚಿಕೊಂಡ. ಮುಂದಿನ ಸಲ ಆತನೂ ಬರಲಿಲ್ಲ, ಅವನ ಜೊತೆಯವರೂ ಬರಲಿಲ್ಲ. ಗುಂಡಿಯಕ್ಕ ನೇರ ಅಧ್ಯಕ್ಷರ ಮುಂದೆ ಹೋಗಿ ನಿಂತಳು. "ತಗೊಳ್ಳೋರ ಮುಖ ತೆಗೀಬಾರದು. ಕೊಡೋರದ್ದು ಎಷ್ಟು ಬೇಕಾದ್ರೂ ತೆಗೀರಿ," ಎಂದಳು. ಕೊಡುವವರಿಗೆ ಅದು ಬಹಳ ಹಿಡಿಸಿತು. ಅಂದಿನಿಂದ ಅದು ಕ್ಲಬ್ಬಿನ ನಿಯಮವಾಯಿತು, ನೋಟಿಸ್ ಬೋರ್ಡಿಗೂ ಏರಿತು.

ಆದರೆ ಒಂದು ಸಂಗತಿ ಇತ್ತು. ಇಷ್ಟೆಲ್ಲ ಮಾಡಿದರೂ ಗುಂಡಿಯಕ್ಕ ಕ್ಲಬ್ಬಿನ ಸದಸ್ಯೆಯಲ್ಲ, ಬರೀ ಸ್ವಯಂಸೇವಕಿ. ಸದಸ್ಯರಿಗೆ ಎದೆಯ ಮೇಲೆ ಬೆಳ್ಳಿ ಬಣ್ಣದ ಬಿಲ್ಲೆ, ಮುಂದಿನ ಕೋಣೆಯ ಉದ್ದ ಮೇಜಿನ ಸುತ್ತ ಕುರ್ಚಿ, ಕೈಯೆತ್ತುವ ಹಕ್ಕು. ಯಾವ ಓಣಿಗೆ ಬಟ್ಟೆ, ಯಾರಿಗೆ ಗಾಲಿಕುರ್ಚಿ ಎಂಬುದೆಲ್ಲ ಅಲ್ಲಿ ಬಾಗಿಲು ಹಾಕಿಕೊಂಡು ತೀರ್ಮಾನವಾಗುತ್ತಿತ್ತು. ಗುಂಡಿಯಕ್ಕ ಚಹಾದ ತಟ್ಟೆಯೊಂದಿಗೆ ಒಳಗೆ ಹೋದರೆ ಮಾತು ನಿಲ್ಲುತ್ತಿತ್ತು, ಹೊರಗೆ ಬಂದರೆ ಶುರುವಾಗುತ್ತಿತ್ತು. ಆ ಮೇಜಿನ ಬಳಿ ತನಗೂ ಒಂದು ಕುರ್ಚಿ ಬೇಕೆಂದು ಆಕೆಗೆ ಆಸೆ. ಸಣ್ಣ ಆಸೆಯಲ್ಲ, ನಿದ್ದೆ ಕೆಡಿಸುವಂಥದ್ದು. ಬಾಯಿಬಿಟ್ಟು ಹೇಳಿದ್ದು ಟೀಚರ್ ಒಬ್ಬರಿಗೆ.

"ಈ ವರ್ಷ ನಿನ್ನನ್ನ ಸದಸ್ಯೆ ಮಾಡ್ದೆ ಬಿಡೋಳಲ್ಲ ನಾನು," ಎಂದು ಟೀಚರ್ ಅರ್ಜಿ ತಂದು ತಾವೇ ತುಂಬಿದರು. ಪ್ರಸ್ತಾಪಿಸುವವರು ಎಂಬಲ್ಲಿ ದುಂಡಗಿನ ಅಕ್ಷರದಲ್ಲಿ ತಮ್ಮ ಹೆಸರು ಬರೆದರು. ದಾನಿಗಳ ಸಭೆಯಲ್ಲೇ ಬಿಲ್ಲೆ ಚುಚ್ಚುತ್ತಾರೆ ಎಂದರು. ಗುಂಡಿಯಕ್ಕ ಮನೆಗೆ ಬಂದು ಅತ್ತೆಗೆ ಹೇಳಿದಳು. ಅತ್ತೆ ಸಂಜೆಯೊಳಗೆ ಇಡೀ ಬೀದಿಗೆ ಹೇಳಿದರು.

ಸಭೆಗೆ ಹತ್ತು ದಿನವಿದ್ದಾಗ ಹಳೆಯ ಗಿರಾಕಿಯೊಬ್ಬರು ಅಂಗಡಿಗೆ ಬಂದು ಒಂದು ದೊಡ್ಡ ಚೀಲವನ್ನು ಮೇಜಿನ ಮೇಲಿಟ್ಟರು. ಒಳಗೆ ಸೀರೆ, ಶಾಲು, ಚಪ್ಪಲಿ.

"ಭಾನುವಾರ ಕ್ಲಬ್ಬಿಗೆ ಒಯ್ತೀನಿ," ಎಂದಳು ಗುಂಡಿಯಕ್ಕ.

"ಕ್ಲಬ್ಬಿಗಲ್ಲಮ್ಮ, ನಿಮಗೇ ತಂದಿದ್ದು." ಗಿರಾಕಿ ದನಿ ತಗ್ಗಿಸಿದರು. "ಇಷ್ಟು ವರ್ಷ ಬರ್ತಿದ್ದೀನಿ, ನಿಮಗೆ ಇಷ್ಟು ಕಷ್ಟ ಇದೆ ಅಂತ ಗೊತ್ತೇ ಆಗ್ಲಿಲ್ಲ ನೋಡಿ. ಸಂಕೋಚ ಮಾಡ್ಕೋಬೇಡಿ."

"ಯಾರಿಗೆ ಕಷ್ಟ?"

ಗಿರಾಕಿ ಪಕ್ಕದ ಔಷಧಿ ಅಂಗಡಿಯ ಕಡೆ ಕೈ ತೋರಿಸಿ ಜಾಗ ಖಾಲಿ ಮಾಡಿದರು.

ಔಷಧಿ ಅಂಗಡಿಯ ಗೋಡೆಯ ಮೇಲೆ, ಅವತ್ತೇ ಅಂಟಿಸಿದ್ದ ಆಳೆತ್ತರದ ಪೋಸ್ಟರಿನಲ್ಲಿ, ಗುಂಡಿಯಕ್ಕ ಕೂತಿದ್ದಳು. ಕಳೆದ ಚಳಿಗಾಲದ ಹಂಚಿಕೆಯ ಹಿಂದಿನ ದಿನದ ಫೋಟೋ. ತೋಳಿನ ಉದ್ದ ನೋಡಲೆಂದು ಯಾರದೋ ಹಳೆಯ ಸ್ವೆಟರನ್ನು ತಾನೇ ಹಾಕಿಕೊಂಡು, ಬೆಳಗಿನಿಂದ ಹೊಲಿದು ಸುಸ್ತಾಗಿ, ಗಂಟುಗಳ ನಡುವೆ ನೆಲದ ಮೇಲೆ ಕೂತಿದ್ದಾಗ ಟೀಚರ್, "ಇಲ್ಲಿ ನೋಡೇ," ಎಂದಿದ್ದರು. ಆಕೆ ನೋಡಿದ್ದಳು. ಕೂದಲು ಕೆದರಿದೆ, ಕಣ್ಣು ಬತ್ತಿದೆ. ಕೆಳಗೆ ದಪ್ಪಕ್ಷರದಲ್ಲಿ, 'ಈ ತಾಯಿಗೆ ನೀವಲ್ಲದೆ ಇನ್ನಾರು?'

ಗುಂಡಿಯಕ್ಕ ಹತ್ತಿರ ಹೋದಳು. ಎರಡು ಸಲ ಓದಿದಳು. ಬೀಗದವನು ತನ್ನ ಅಂಗಡಿಯಿಂದ ನೋಡುತ್ತಿದ್ದಾನೆಂದು ತಿಳಿದು, ಏನೋ ಮಾತ್ರೆ ಕೊಳ್ಳಲು ಬಂದವಳಂತೆ ಒಳಗೆ ಹೋಗಿ, ಬೇಡದ ತಲೆನೋವಿನ ಮಾತ್ರೆ ಕೊಂಡು ಬಂದಳು. ಸಂಜೆಗೆ ಅದು ಬೇಕೇ ಆಯಿತು. ಅತ್ತೆಗೆ ಸುದ್ದಿ ಮುಟ್ಟಿತ್ತು. "ನಮ್ಮ ಮನೇಲಿ ನಿನಗೆ ಉಡೋಕೆ ಕಮ್ಮಿ ಮಾಡಿದ್ವಾ? ಇನ್ನು ನಾನು ಬೀದೀಲಿ ಹೇಗೆ ತಲೆಯೆತ್ತಿ ಓಡಾಡ್ಲಿ?" ಎಂದು ಅತ್ತೆ ಅತ್ತರು. ಗಂಡ ಊಟ ಬಿಟ್ಟು ಎದ್ದ.

ಮರುದಿನ ಗುಂಡಿಯಕ್ಕ ಟೀಚರ ಮನೆಗೆ ಹೋದಳು. ಟೀಚರ್ ಆಮಂತ್ರಣ ಪತ್ರಗಳಿಗೆ ವಿಳಾಸ ಬರೆಯುತ್ತಿದ್ದರು.

"ಏನ್ ಟೀಚರ್ ಇದು?"

"ನಿನಗೆ ಹೇಳ್ಬೇಕು ಅಂತಾನೇ ಇದ್ದೆ ಕಣೇ. ಬಾ, ಕೂತ್ಕೋ."

"ಕೂರಲ್ಲ. ಹೇಳಿ."

"ದೊಡ್ಡ ದಾನಿಗಳಿಗೆ ಮನಸ್ಸು ಕರಗೋಂಥ ಒಂದು ಮುಖ ಬೇಕು ಅಂದ್ರು ಅಧ್ಯಕ್ಷರು. ತಗೊಳ್ಳೋರ ಫೋಟೋ ನಮ್ಮ ಹತ್ರ ಒಂದಾದ್ರೂ ಇದ್ಯಾ? ನೀನೇ ತಾನೆ ಬೇಡ ಅಂದಿದ್ದು?" ಟೀಚರ್ ಲೆಕ್ಕದ ಉತ್ತರ ಸರಿಬಂದವರಂತೆ ಕೈ ಚಾಚಿದರು. "ನೀನು ಹೊರಗಿನೋಳಲ್ಲ, ಬೇಜಾರು ಮಾಡ್ಕೊಳ್ಳಲ್ಲ ಅಂದ್ಕೊಂಡೆ."

ಹೊರಗಿನವಳಲ್ಲ ಎಂಬ ಮಾತಿಗೆ ಗುಂಡಿಯಕ್ಕ ಅಷ್ಟು ಸಿಟ್ಟಿನಲ್ಲೂ ಸ್ವಲ್ಪ ಕರಗಿದಳು. ಎಂಥ ಹುಚ್ಚಿ! ಹತ್ತೊಂಬತ್ತು ವರ್ಷದ ಸಲುಗೆ, ಒಂದೇ ದಿನಕ್ಕೆ ಹರಿಯುತ್ತದೆಯೇ? ಪೋಸ್ಟರ್ ತೆಗೆಸುತ್ತೇನೆ ಎಂದು ಟೀಚರ್ ಮಾತು ಕೊಟ್ಟರು. ನಾಲ್ಕು ದಿನವಾದರೂ ಅದು ಅಲ್ಲೇ ಇತ್ತು. ಬಸ್ ನಿಲ್ದಾಣದಲ್ಲಿ ಇನ್ನೆರಡು ಹುಟ್ಟಿಕೊಂಡವು.

ಐದನೆಯ ದಿನ ಆಕೆ ಅಧ್ಯಕ್ಷರ ಜವಳಿ ಅಂಗಡಿಗೇ ಹೋದಳು. ಅಧ್ಯಕ್ಷರು ಒಳ್ಳೆಯ ಮಾತಿನವರು, ಕುರ್ಚಿ ಕೊಟ್ಟು ಕೂರಿಸಿದರು.

"ಈಗ ತೆಗೆಸಿದ್ರೆ ಎಲ್ಲಾ ಕೆಡುತ್ತಮ್ಮ. ಆ ಫೋಟೋ ನೋಡೇ ಒಬ್ರು ನಲವತ್ತು ಗಾಲಿಕುರ್ಚಿ ಕೊಡ್ತೀನಿ ಅಂದಿದ್ದಾರೆ. ಈ ಫೋಟೋ ಹಾಕೋದು ಅಂತ ತೀರ್ಮಾನ ಆದಾಗ್ಲೇ ಸದಸ್ಯತ್ವದ ವಿಷಯಾನೂ ಕೈಬಿಡಬೇಕಾಯ್ತು. ಪೋಸ್ಟರಲ್ಲಿ ಇರೋರೇ ನಾಳೆ ಬಿಲ್ಲೆ ಹಾಕ್ಕೊಂಡು ಮೇಜಿನ ಹತ್ರ ಕೂತ್ರೆ, ಕ್ಲಬ್ಬಿನೋರು ತಮ್ಮತಮ್ಮಲ್ಲೇ ಹಂಚ್ಕೋತಾರೆ ಅಂತ ಜನ ಮಾತಾಡ್ತಾರೆ. ನಿಮಗೆ ಗೊತ್ತಿರುತ್ತೆ ಬಿಡಿ, ಕಾರ್ಯದರ್ಶಿಗಳು ಹೇಳಿರ್ತಾರಲ್ಲ."

ಆಕೆಗೆ ಗೊತ್ತಿಲ್ಲವೆಂದು ಮುಖ ನೋಡಿ ತಿಳಿದ ಅಧ್ಯಕ್ಷರು ಕಡತದಿಂದ ಅರ್ಜಿ ತೆಗೆದು ತೋರಿಸಿದರು. ಅದರ ಮೇಲೆ ಅಡ್ಡಗೆರೆ. ಪಕ್ಕದಲ್ಲಿ ಅದೇ ದುಂಡಗಿನ ಅಕ್ಷರ, 'ಪ್ರಸ್ತಾಪ ಹಿಂಪಡೆದಿದ್ದೇನೆ.' ತಾರೀಖು ಒಂದು ತಿಂಗಳ ಹಿಂದಿನದು. ಈ ಒಂದು ತಿಂಗಳೂ ಟೀಚರ್ ಅಂಗಡಿಗೆ ಬಂದಿದ್ದರು, ಸಭೆಗೆ ಯಾವ ಸೀರೆ ಉಡುತ್ತೀ ಎಂದು ಕೇಳಿ, ತಾವೇ ನೀಲಿಯದನ್ನು ಆರಿಸಿಕೊಟ್ಟಿದ್ದರು.

ಗುಂಡಿಯಕ್ಕನಿಗೆ ಪೋಸ್ಟರ್ ನೋಡಿದಾಗ ಆದದ್ದು ಅವಮಾನ. ಈಗ ಆದದ್ದು ಬೇರೆ. ನಂಬಿದವರೇ ಕತ್ತು ಕೊಯ್ದರು ಎಂದು ಜನ ಹೇಳುವುದನ್ನು ಎಷ್ಟೋ ಸಲ ಕೇಳಿದ್ದಳು, ಬಾಯಿಮಾತೆಂದುಕೊಂಡಿದ್ದಳು. ಅಂಗಡಿಗೆ ಬಂದು ಬಾಗಿಲು ಅರ್ಧ ಎಳೆದುಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಒಂದು ನಿರ್ಧಾರ ಮಾಡಿದಳು. ಸಭೆಗೆ ಹೋಗುವುದು, ಎಲ್ಲರ ಮುಂದೆ ಇದ್ದದ್ದು ಇದ್ದಹಾಗೆ ಹೇಳುವುದು. ಬಿಲ್ಲೆ ಹೋದರೆ ಹೋಗಲಿ. ಬೀದಿಯಲ್ಲಿ ಅತ್ತೆಯೂ ಗಂಡನೂ ತಲೆಯೆತ್ತಿ ನಡೆಯುವಂತಾಗಬೇಕು.

ಸಭೆ ಮಧ್ಯಾಹ್ನಕ್ಕೆ. ನೀಲಿ ಸೀರೆ ಉಟ್ಟುಕೊಂಡೇ ಹೋದಳು. ಬಾಗಿಲಲ್ಲಿ ಟೀಚರ್ ನೋಡಿ ಗಾಬರಿಯಾದರು. "ಇಷ್ಟು ಚೆನ್ನಾಗಿ ಉಟ್ಕೊಂಡು ಬಂದ್ಯಲ್ಲೇ! ಅಧ್ಯಕ್ಷರು ವೇದಿಕೆಗೆ ಕರೀತೀನಿ ಅಂದಿದ್ದಾರೆ. ಸುಮ್ನೆ ಕೈ ಮುಗಿದು ಬಂದ್ಬಿಡು, ಆಯ್ತಾ?"

ಗುಂಡಿಯಕ್ಕ ಒಳಗೆ ಹೋಗಿ ಕೂತಳು.

ಕರೆದಾಗ ಹೋದಳು. ಹಿಂದೆ ಪರದೆಯ ಮೇಲೆ ಅದೇ ಫೋಟೋ. ಮುಂದೆ ಮುನ್ನೂರು ಜನ. ಅಧ್ಯಕ್ಷರು ಹಿಡಿದಿದ್ದ ಮೈಕನ್ನು ಆಕೆ ಮೆಲ್ಲಗೆ ತನ್ನ ಕೈಗೆ ತೆಗೆದುಕೊಂಡಳು.

"ಅದರಲ್ಲಿರೋದು ನಾನೇ. ಆದ್ರೆ ನಾನು ಬಟ್ಟೆ ತಗೊಂಡೋಳಲ್ಲ. ನನಗೆ ಸ್ವಂತ ಅಂಗಡಿ ಇದೆ, ದುಡಿಯೋ ಗಂಡ ಇದ್ದಾರೆ, ನಮ್ಮತ್ತೆ ನನ್ನನ್ನ ಚೆನ್ನಾಗಿ ನೋಡ್ಕೊಂಡಿದ್ದಾರೆ. ಹತ್ತೊಂಬತ್ತು ವರ್ಷದಿಂದ ಇದೇ ಕ್ಲಬ್ಬಲ್ಲಿ ಹಂಚೋ ಬಟ್ಟೇನೆಲ್ಲ ಹೊಲಿದು ಕೊಡ್ತಿರೋಳು ನಾನು."

ಮುಂದಿನ ಸಾಲಿನಲ್ಲಿದ್ದ ದಾನಿ ಮಹಿಳೆಯೊಬ್ಬರು ಕಣ್ಣೊರೆಸಿಕೊಳ್ಳುತ್ತ ಎದ್ದು ನಿಂತರು. "ನೋಡಿ, ತಗೊಂಡೆ ಅಂತ ಹೇಳ್ಕೊಳ್ಳೋಕೂ ಒಪ್ಪದ ಸ್ವಾಭಿಮಾನ! ಬೇಡೋ ಕೈಗೆ ಸೂಜಿ ಕೊಟ್ಟು, ಅಂಗಡಿ ಇಡೋ ಹಾಗೆ ಮಾಡಿದೆಯಲ್ಲ ಈ ಕ್ಲಬ್ಬು. ಸೇವೆ ಅಂದ್ರೆ ಇದು!"

"ಹಂಗಲ್ಲ," ಎಂದಳು ಗುಂಡಿಯಕ್ಕ. "ಅಮ್ಮಾ, ನಾನು ಹೇಳ್ತಿರೋದು ಅದಲ್ಲ." ಅಧ್ಯಕ್ಷರು ನಗುನಗುತ್ತ ಮೈಕಿಗೆ ಕೈ ಹಾಕಿದರು. ಆಕೆ ಬಿಡಲಿಲ್ಲ. ದಾನಿಯ ಮಾತಿಗೆ ಸಭೆಯಲ್ಲಿ ಅಲ್ಲೊಂದು ಇಲ್ಲೊಂದು ಚಪ್ಪಾಳೆ ಏಳುತ್ತಿತ್ತು. ಆಕೆ ಬಾಗಿಲ ಬಳಿ ನಿಂತಿದ್ದ ಟೀಚರನ್ನು ಕಣ್ಣಲ್ಲೇ ಹುಡುಕಿದಳು.

"ಟೀಚರ್, ನೀವು ಹೇಳಿ. ನಾನು ಹೇಳಿದ್ದು ನಿಜ ಅಂತ ನೀವೊಬ್ರು ಹೇಳಿದ್ರೆ ಸಾಕು."

ಮುನ್ನೂರು ತಲೆಗಳೂ ಹಿಂದಕ್ಕೆ ತಿರುಗಿದವು. ಚಪ್ಪಾಳೆ ನಿಂತಿತು. ಟೀಚರ್ ಒಮ್ಮೆ ನೆಲ ನೋಡಿದರು, ಒಮ್ಮೆ ಅಧ್ಯಕ್ಷರನ್ನು ನೋಡಿದರು. ಆಮೇಲೆ ಕೈಯಲ್ಲಿದ್ದ ಆಮಂತ್ರಿತರ ಪಟ್ಟಿಯನ್ನು ಪಕ್ಕದ ಕುರ್ಚಿಯ ಮೇಲಿಟ್ಟು, ಗುಂಡಿಯಕ್ಕನ ಮುಖವನ್ನೇ ನೋಡುತ್ತ, ಎರಡೂ ಕೈಯೆತ್ತಿ, ನಿಂತಿದ್ದ ಆ ಚಪ್ಪಾಳೆಯನ್ನು ಮತ್ತೆ ತಟ್ಟತೊಡಗಿದರು.